ಪಿಕ್ ಅಂಡ್ ಪ್ಲೇಸ್ ಯಂತ್ರಗಳ ಆಯ್ಕೆ ಮತ್ತು ಲೈನ್ ಸಮತೋಲನ: ಸಣ್ಣ ಘಟಕಗಳು ಗಮನಿಸಬೇಕಾದ ಅಂಶಗಳು

ಬೆಂಗಳೂರಿಗೆ ಎಲೆಕ್ಟ್ರಾನಿಕ್ಸ್ ತಯಾರಿಕೆ ಹೊಸತೇನಲ್ಲ. 1948ರಲ್ಲಿ ದೂರವಾಣಿನಗರದಲ್ಲಿ ಐಟಿಐ, 1954ರಲ್ಲಿ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾದವು. 1976ರಲ್ಲಿ ಹುಟ್ಟಿದ ಕಿಯೋನಿಕ್ಸ್ ಸಂಸ್ಥೆಯು ಆರ್.ಕೆ. ಬಾಳಿಗ ಅವರ ದೂರದೃಷ್ಟಿಯಿಂದ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಜಮೀನಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ರೂಪಿಸಿತು. ಇತ್ತ ಪೀಣ್ಯದಲ್ಲಿ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ಘಟಕಗಳು ಬೆಳೆದವು. ಆ ದಿನಗಳಲ್ಲಿ ಬೋರ್ಡಿನ ರಂಧ್ರಗಳಿಗೆ ಬಿಡಿಭಾಗಗಳ ಕಾಲುಗಳನ್ನು ಕೈಯಿಂದಲೇ ತೂರಿಸಿ ಬೆಸುಗೆ ಹಾಕಲಾಗುತ್ತಿತ್ತು. ಇಂದು ಬಹುತೇಕ ಬಿಡಿಭಾಗಗಳಿಗೆ ಕಾಲುಗಳೇ ಇಲ್ಲ. ಅವು ಬೋರ್ಡಿನ ಮೇಲ್ಮೈಯಲ್ಲಿ ಕೂರುತ್ತವೆ. ಕೂರಿಸಲು ಯಂತ್ರ ಬೇಕು.

ವಿದ್ಯುತ್ ಮೀಟರ್, ಎಲ್‌ಇಡಿ ಡ್ರೈವರ್, ವಾಹನಗಳ ನಿಯಂತ್ರಕ, ವೈದ್ಯಕೀಯ ಉಪಕರಣ ಮುಂತಾದವುಗಳ ಬೋರ್ಡುಗಳನ್ನು ಜಾಬ್‌ವರ್ಕ್ ಆಧಾರದಲ್ಲಿ ಜೋಡಿಸುವ ಸಣ್ಣ ಉದ್ಯಮಿಗೆ ಪಿಕ್ ಅಂಡ್ ಪ್ಲೇಸ್ ಯಂತ್ರವೇ ಅತಿ ದೊಡ್ಡ ಹೂಡಿಕೆ. ಬ್ಯಾಂಕ್ ಸಾಲದಿಂದ ತಂದ ಯಂತ್ರ ತಪ್ಪು ಆಯ್ಕೆಯಾದಲ್ಲಿ ಐದು ವರ್ಷಗಳ ಕಂತು ಆ ತಪ್ಪನ್ನು ತಿಂಗಳು ತಿಂಗಳೂ ನೆನಪಿಸುತ್ತದೆ. ಆದುದರಿಂದ ಕೊಳ್ಳುವ ಮೊದಲು ಮಾಡಬೇಕಾದ ಲೆಕ್ಕಗಳನ್ನು ಇಲ್ಲಿ ವಿವರಿಸಲಾಗಿದೆ.

ಲೈನ್‌ನ ರಚನೆ

ಮೇಲ್ಮೈ ಜೋಡಣೆಯ ಲೈನ್‌ನಲ್ಲಿ ಮೂರು ಮುಖ್ಯ ಘಟ್ಟಗಳಿವೆ. ಮೊದಲನೆಯದು ಸ್ಟೆನ್ಸಿಲ್ ಮೂಲಕ ಸೋಲ್ಡರ್ ಪೇಸ್ಟನ್ನು ಬೋರ್ಡಿನ ಮೇಲೆ ಅಚ್ಚು ಹಾಕುವುದು. ಎರಡನೆಯದು ರೀಲುಗಳಲ್ಲಿ ಬರುವ ಬಿಡಿಭಾಗಗಳನ್ನು ನಿರ್ವಾತದ ನಾಝಲ್‌ನಿಂದ ಎತ್ತಿ, ಕ್ಯಾಮೆರಾದಲ್ಲಿ ನೋಡಿ, ಪೇಸ್ಟಿನ ಮೇಲೆ ಕೂರಿಸುವುದು. ಇದೇ ಪಿಕ್ ಅಂಡ್ ಪ್ಲೇಸ್. ಮೂರನೆಯದು ರಿಫ್ಲೋ ಓವನ್‌ನಲ್ಲಿ ಪೇಸ್ಟನ್ನು ಕರಗಿಸಿ ಬೆಸುಗೆ ಗಟ್ಟಿಮಾಡುವುದು. ಸೀಸರಹಿತ ಪೇಸ್ಟುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಮಿಶ್ರಲೋಹದಲ್ಲಿ ಶೇ. 96.5 ತವರ, ಶೇ. 3 ಬೆಳ್ಳಿ, ಶೇ. 0.5 ತಾಮ್ರವಿದ್ದು ಅದು 217ರಿಂದ 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ನಂತರ ತಪಾಸಣೆ.

ಮದುವೆ ಮನೆಯ ಪಂಕ್ತಿಯಲ್ಲಿ ಅನ್ನ ಬಡಿಸುವವನು ಎಷ್ಟೇ ಚುರುಕಾಗಿದ್ದರೂ ಸಾರಿನವನು ನಿಧಾನವಾದರೆ ಇಡೀ ಪಂಕ್ತಿ ಅವನ ವೇಗದಲ್ಲೇ ಸಾಗುತ್ತದೆ. ಬೋರ್ಡ್ ಜೋಡಣೆಯ ಲೈನ್ ಕೂಡ ಹಾಗೆಯೇ. ಪ್ರತಿ ಘಟ್ಟದಲ್ಲಿ ಒಂದು ಬೋರ್ಡಿಗೆ ತಗಲುವ ಸಮಯವನ್ನು ಆ ಘಟ್ಟದ ಆವರ್ತ ಸಮಯ ಎನ್ನುತ್ತಾರೆ. ಎಲ್ಲಕ್ಕಿಂತ ಹೆಚ್ಚು ಆವರ್ತ ಸಮಯವಿರುವ ಘಟ್ಟವೇ ಲೈನ್‌ನ ಉತ್ಪಾದನೆಯನ್ನು ನಿರ್ಧರಿಸುತ್ತದೆ. ಬೇರೆ ಘಟ್ಟಗಳಿಗೆ ಸುರಿದ ಹಣದಿಂದ ಒಂದು ಬೋರ್ಡೂ ಹೆಚ್ಚಾಗಿ ಹೊರಬೀಳುವುದಿಲ್ಲ.

ಕ್ಯಾಟಲಾಗಿನ ವೇಗ, ಕಾರ್ಖಾನೆಯ ವೇಗ

ಯಂತ್ರಗಳ ವೇಗವನ್ನು ಗಂಟೆಗೆ ಎಷ್ಟು ಬಿಡಿಭಾಗಗಳು ಎಂಬ ಅಳತೆಯಲ್ಲಿ ಹೇಳುವುದು ವಾಡಿಕೆ. ಆದರೆ ಕ್ಯಾಟಲಾಗಿನಲ್ಲಿ ಅಚ್ಚಾದ ಸಂಖ್ಯೆಯು ಅತ್ಯಂತ ಅನುಕೂಲಕರ ಸ್ಥಿತಿಯದು: ಒಂದೇ ಗಾತ್ರದ ಚಿಪ್‌ಗಳು, ಸಮೀಪದ ಫೀಡರ್‌ಗಳು, ಎಲ್ಲ ನಾಝಲ್‌ಗಳೂ ಒಮ್ಮೆಗೇ ಎತ್ತುವ ಏರ್ಪಾಡು. ನಿಜವಾದ ಬೋರ್ಡಿನಲ್ಲಿ ಬಿಡಿಭಾಗಗಳು ಚದುರಿರುತ್ತವೆ, ನಾಝಲ್ ಬದಲಿಸಬೇಕಾಗುತ್ತದೆ, ಐಸಿಗಳನ್ನು ಕ್ಯಾಮೆರಾ ಹೆಚ್ಚು ಹೊತ್ತು ನೋಡಬೇಕಾಗುತ್ತದೆ. ಹೀಗಾಗಿ ಚಿಪ್‌ಗಳ ವಿಷಯದಲ್ಲಿ ಕ್ಯಾಟಲಾಗಿನ ವೇಗದ ಶೇ. 60ರಿಂದ 70ರಷ್ಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ. ಐಸಿಗಳಿಗೆ ಪ್ರತ್ಯೇಕ ವೇಗವನ್ನೇ ಕೇಳಿ ಪಡೆಯಬೇಕು.

ವಿವಿಧ ಕಂಪನಿಗಳ ಯಂತ್ರಗಳನ್ನು ಒಂದೇ ಅಳತೆಗೋಲಿನಿಂದ ಹೋಲಿಸಲು ಐಪಿಸಿ-9850 ಎಂಬ ಮಾನಕವಿದೆ. ಅದರ ಪ್ರಕಾರ ದೊರೆಯುವ ವೇಗ ಎಷ್ಟು ಎಂದು ಮಾರಾಟಗಾರರನ್ನು ಲಿಖಿತವಾಗಿ ಕೇಳತಕ್ಕದ್ದು. ಅದಕ್ಕಿಂತಲೂ ಉತ್ತಮ ಮಾರ್ಗವೆಂದರೆ ಘಟಕದಲ್ಲಿ ಹೆಚ್ಚಾಗಿ ತಯಾರಾಗುವ ಎರಡು ಮೂರು ಬೋರ್ಡುಗಳ ಬಿಡಿಭಾಗಗಳ ಪಟ್ಟಿ ಮತ್ತು ಸ್ಥಾನಗಳ ಕಡತವನ್ನು ಕೊಟ್ಟು, ಆವರ್ತ ಸಮಯದ ಗಣಕ ಅಂದಾಜನ್ನು ಪಡೆದು, ಸಾಧ್ಯವಾದರೆ ಪ್ರಾತ್ಯಕ್ಷಿಕೆಯಲ್ಲಿ ಅದೇ ಬೋರ್ಡನ್ನು ಓಡಿಸಿ ನೋಡುವುದು.

ನಿಖರತೆಯ ವಿಷಯದಲ್ಲೂ ಎಚ್ಚರ ಅಗತ್ಯ. ಒಂದು ಯಂತ್ರದ ನಿಖರತೆ 40 ಮೈಕ್ರಾನ್ ಎಂದಷ್ಟೇ ಹೇಳಿದರೆ ಅದು ಅಪೂರ್ಣ. 3 ಸಿಗ್ಮಾದಲ್ಲಿ 40 ಮೈಕ್ರಾನ್ ಎನ್ನುವ ಯಂತ್ರಕ್ಕಿಂತ 4 ಸಿಗ್ಮಾದಲ್ಲಿ 40 ಮೈಕ್ರಾನ್ ಎನ್ನುವ ಯಂತ್ರ ಮೇಲು. ಏಕೆಂದರೆ ಎರಡನೆಯದರಲ್ಲಿ ಆ ಮಿತಿ ಮೀರುವ ಬಿಡಿಭಾಗಗಳ ಸಂಖ್ಯೆ ಬಹಳ ಕಡಿಮೆ. ಬಿಡಿಭಾಗಗಳ ಗಾತ್ರದ ಹೆಸರಿನಲ್ಲಿಯೂ ಗೊಂದಲವಿದೆ. ಅಂಗುಲ ಪದ್ಧತಿಯ 0603 ಎಂದರೆ 1.6 ಮಿ.ಮೀ. ಉದ್ದ, 0.8 ಮಿ.ಮೀ. ಅಗಲ. ಮೆಟ್ರಿಕ್ ಪದ್ಧತಿಯ 0603 ಎಂದರೆ ಕೇವಲ 0.6 ಮತ್ತು 0.3 ಮಿ.ಮೀ.; ಅದು ಅಂಗುಲ ಪದ್ಧತಿಯ 0201. ಗ್ರಾಹಕನ ಪತ್ರದಲ್ಲಿ 0603 ಎಂದಿರುವುದನ್ನು ಓದಿ ದರ ಕೊಟ್ಟವರು ಯಾವ ಪದ್ಧತಿಯೆಂದು ಕೇಳದಿದ್ದರೆ, ತಮ್ಮ ಯಂತ್ರ ಹಿಡಿಯಲಾರದ ಕೆಲಸವನ್ನು ಒಪ್ಪಿಕೊಂಡಂತಾಗುತ್ತದೆ.

ಸಮತೋಲನದ ಲೆಕ್ಕ

ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಒಂದು ಬೋರ್ಡಿನಲ್ಲಿ 220 ಚಿಪ್‌ಗಳು (ರೆಸಿಸ್ಟರ್, ಕೆಪಾಸಿಟರ್ ಮುಂತಾದವು) ಮತ್ತು 20 ಐಸಿಗಳಿವೆ ಎಂದಿಟ್ಟುಕೊಳ್ಳೋಣ. ಲೈನ್‌ನಲ್ಲಿ ಎರಡು ಯಂತ್ರಗಳಿವೆ. ಮೊದಲನೆಯದು ಚಿಪ್‌ಗಳನ್ನು ವೇಗವಾಗಿ ಕೂರಿಸುವ ಯಂತ್ರ. ಕ್ಯಾಟಲಾಗಿನಲ್ಲಿ ಗಂಟೆಗೆ 40,000; ನಿಜದಲ್ಲಿ ಶೇ. 60, ಅಂದರೆ 24,000. ಒಂದು ಚಿಪ್‌ಗೆ 0.15 ಸೆಕೆಂಡು. ಎರಡನೆಯದು ಎಲ್ಲ ಬಗೆಯ ಬಿಡಿಭಾಗಗಳನ್ನೂ ಹಿಡಿಯಬಲ್ಲ ಯಂತ್ರ. ಅದಕ್ಕೆ ಒಂದು ಐಸಿಗೆ 1 ಸೆಕೆಂಡು, ಒಂದು ಚಿಪ್‌ಗೆ 0.5 ಸೆಕೆಂಡು ಬೇಕು. ಬೋರ್ಡು ಒಳಬಂದು ಗುರುತುಗಳನ್ನು ಓದಿಸಿಕೊಂಡು ಹೊರಹೋಗಲು ಪ್ರತಿ ಯಂತ್ರದಲ್ಲೂ 6 ಸೆಕೆಂಡು. ಪೇಸ್ಟ್ ಅಚ್ಚಿಗೆ ಬೋರ್ಡೊಂದಕ್ಕೆ 28 ಸೆಕೆಂಡು.

ಓವನ್‌ನ ಲೆಕ್ಕ ಬೇರೆ. ಬೋರ್ಡು ಒಳಗೆ ನಾಲ್ಕೈದು ನಿಮಿಷ ಇದ್ದರೂ ಒಂದರ ಹಿಂದೆ ಒಂದು ಸಾಗುವುದರಿಂದ ಮುಖ್ಯವಾದುದು ಬೋರ್ಡುಗಳ ನಡುವಣ ಅಂತರ ಮಾತ್ರ. ಬೋರ್ಡಿನ ಉದ್ದ 25 ಸೆಂ.ಮೀ., ನಡುವಿನ ತೆರಪು 5 ಸೆಂ.ಮೀ., ಕನ್ವೇಯರ್ ವೇಗ ನಿಮಿಷಕ್ಕೆ 75 ಸೆಂ.ಮೀ. ಆದರೆ 24 ಸೆಕೆಂಡಿಗೊಂದು ಬೋರ್ಡು ಹೊರಬರುತ್ತದೆ.

ಚಿಪ್‌ಗಳೆಲ್ಲ ಮೊದಲ ಯಂತ್ರಕ್ಕೆ, ಐಸಿಗಳೆಲ್ಲ ಎರಡನೆಯದಕ್ಕೆ ಎಂದು ಹಂಚಿದರೆ ಮೊದಲ ಯಂತ್ರಕ್ಕೆ 33 ಮತ್ತು 6, ಒಟ್ಟು 39 ಸೆಕೆಂಡು. ಎರಡನೆಯದಕ್ಕೆ 20 ಮತ್ತು 6, ಒಟ್ಟು 26 ಸೆಕೆಂಡು. ಎರಡನೆಯ ಯಂತ್ರ ಪ್ರತಿ ಬೋರ್ಡಿಗೂ 13 ಸೆಕೆಂಡು ಸುಮ್ಮನೆ ಕಾಯುತ್ತದೆ. ಲೈನ್‌ನಿಂದ ಗಂಟೆಗೆ 92 ಬೋರ್ಡುಗಳು ಮಾತ್ರ ಹೊರಬರುತ್ತವೆ.

ಈಗ 20 ಚಿಪ್‌ಗಳನ್ನು ಮೊದಲ ಯಂತ್ರದಿಂದ ಎರಡನೆಯದಕ್ಕೆ ವರ್ಗಾಯಿಸಿದರೆ ಮೊದಲನೆಯದು 3 ಸೆಕೆಂಡು ಉಳಿಸಿ 36ಕ್ಕೆ ಇಳಿಯುತ್ತದೆ. ಎರಡನೆಯದು 10 ಸೆಕೆಂಡು ಹೆಚ್ಚಿ 36ಕ್ಕೆ ಏರುತ್ತದೆ. ಗಂಟೆಗೆ 100 ಬೋರ್ಡು. ಚಿಪ್ ಕೂರಿಸುವುದರಲ್ಲಿ ಎರಡನೆಯ ಯಂತ್ರ ಮೊದಲನೆಯದಕ್ಕಿಂತ ಮೂರು ಪಟ್ಟು ನಿಧಾನ. ಆದರೂ ಅದಕ್ಕೆ ಕೆಲಸ ಕೊಟ್ಟದ್ದರಿಂದ ಇಡೀ ಲೈನ್ ಚುರುಕಾಯಿತು. ದಿನಕ್ಕೆ 7 ಗಂಟೆಗಳ ನಿಜವಾದ ಓಟದಲ್ಲಿ ಸುಮಾರು 54 ಬೋರ್ಡುಗಳು ಒಂದು ರೂಪಾಯಿಯ ಹೊಸ ಹೂಡಿಕೆಯೂ ಇಲ್ಲದೆ ಹೆಚ್ಚುತ್ತವೆ. ವರ್ಗಾಯಿಸುವ 20 ಚಿಪ್‌ಗಳು ಒಂದೆರಡು ಮೌಲ್ಯದವೇ ಆಗಿರುವಂತೆ ಆರಿಸಿಕೊಂಡರೆ ಎರಡನೆಯ ಯಂತ್ರದಲ್ಲಿ ಒಂದೆರಡು ಫೀಡರ್ ಸ್ಥಾನಗಳಷ್ಟೇ ಸಾಕಾಗುತ್ತವೆ.

ಇದಕ್ಕೆ ಬದಲಾಗಿ ಅದೇ ಉದ್ಯಮಿ ಇನ್ನೊಂದು ವೇಗದ ಚಿಪ್ ಯಂತ್ರವನ್ನು ಕೊಂಡರೆ ಏನಾಗುತ್ತದೆ? ತಲಾ 110 ಚಿಪ್‌ಗಳಂತೆ ಚಿಪ್ ಯಂತ್ರಗಳ ಆವರ್ತ ಸಮಯ 22.5 ಸೆಕೆಂಡಿಗೆ ಇಳಿಯುತ್ತದೆ. ಆದರೆ ಪೇಸ್ಟ್ ಅಚ್ಚಿಗೆ 28 ಸೆಕೆಂಡು ಬೇಕೇ ಬೇಕು. ಲೈನ್ ಗಂಟೆಗೆ 128 ಬೋರ್ಡಿನಲ್ಲಿ ನಿಲ್ಲುತ್ತದೆ. ಚಿಪ್ ಕೂರಿಸುವ ಶಕ್ತಿ ಎರಡು ಪಟ್ಟಾದರೂ ಉತ್ಪಾದನೆಯ ಹೆಚ್ಚಳ ಶೇ. 28 ಮಾತ್ರ. ಹೊಸ ಯಂತ್ರದ ಸಾಮರ್ಥ್ಯದ ಒಂದು ಭಾಗ ಅಚ್ಚಿನ ಬಾಗಿಲಲ್ಲೇ ಕಳೆದುಹೋಗುತ್ತದೆ.

ಇನ್ನೊಂದು ಸುಲಭ ಉಪಾಯ ಪ್ಯಾನಲ್. ಎರಡು ಬೋರ್ಡುಗಳನ್ನು ಒಂದೇ ಪ್ಯಾನಲ್‌ನಲ್ಲಿ ಮಾಡಿಸಿದರೆ ಒಳಬರುವ ಹೊರಹೋಗುವ 6 ಸೆಕೆಂಡು ಎರಡಕ್ಕೂ ಹಂಚಿಹೋಗುತ್ತದೆ. ಮೇಲಿನ ಸಮತೋಲಿತ ಲೈನ್‌ನಲ್ಲಿ ಎರಡು ಬೋರ್ಡಿಗೆ 66 ಸೆಕೆಂಡು, ಅಂದರೆ ಬೋರ್ಡಿಗೆ 33 ಸೆಕೆಂಡು, ಗಂಟೆಗೆ 109. ಪೇಸ್ಟ್ ಅಚ್ಚಿಗೂ ಇದರಿಂದ ಲಾಭವೇ. ಬೋರ್ಡಿನ ವಿನ್ಯಾಸದ ಹಂತದಲ್ಲೇ ಗ್ರಾಹಕರೊಡನೆ ಈ ಮಾತನ್ನು ಆಡಿಕೊಳ್ಳಬೇಕು.

ಸಣ್ಣ ಬ್ಯಾಚುಗಳ ಕೆಲಸ

ಮೇಲಿನ ಲೆಕ್ಕ ಒಂದೇ ಬೋರ್ಡನ್ನು ದಿನವಿಡೀ ತಯಾರಿಸುವವರಿಗೆ ಅನ್ವಯಿಸುತ್ತದೆ. ನರಸಾಪುರ, ದೇವನಹಳ್ಳಿಗಳ ದೊಡ್ಡ ಮೊಬೈಲ್ ಕಾರ್ಖಾನೆಗಳ ರೀತಿ ಅದು. ಪೀಣ್ಯದ ಅಥವಾ ವೈಟ್‌ಫೀಲ್ಡಿನ ಜಾಬ್‌ವರ್ಕ್ ಘಟಕಕ್ಕೆ ಬರುವುದು 50, 100, 200 ಬೋರ್ಡುಗಳ ಬ್ಯಾಚು. ಅಲ್ಲಿ ದೊಡ್ಡ ವೆಚ್ಚ ಒಂದು ಕೆಲಸದಿಂದ ಇನ್ನೊಂದಕ್ಕೆ ಬದಲಾಯಿಸುವ ಸಮಯದ್ದು.

ದಿನಕ್ಕೆ ತಲಾ 100 ಬೋರ್ಡುಗಳ ನಾಲ್ಕು ಕೆಲಸಗಳಿವೆ ಎನ್ನೋಣ. 36 ಸೆಕೆಂಡಿನಂತೆ ಪ್ರತಿ ಕೆಲಸಕ್ಕೆ 1 ಗಂಟೆ. ಬದಲಾವಣೆಗೆ, ಅಂದರೆ ಫೀಡರ್‌ಗಳನ್ನು ತೆಗೆದು ಹಾಕಿ, ಸ್ಟೆನ್ಸಿಲ್ ಬದಲಿಸಿ, ಮೊದಲ ಬೋರ್ಡನ್ನು ಪರೀಕ್ಷಿಸಲು, 75 ನಿಮಿಷ. ಒಟ್ಟು 9 ಗಂಟೆ. ಒಂದು ಶಿಫ್ಟಿನಲ್ಲಿ ಕೆಲಸ ಮುಗಿಯದು. ಹೆಚ್ಚಿನ ಚಿಪ್ ಯಂತ್ರ ಕೊಂಡು 28 ಸೆಕೆಂಡಿಗೆ ಇಳಿಸಿದರೂ ಒಟ್ಟು 8 ಗಂಟೆ 7 ನಿಮಿಷ. ಆಗಲೂ ಶಿಫ್ಟ್ ಸಾಲದು. ಯಂತ್ರಗಳನ್ನು ಹಾಗೆಯೇ ಬಿಟ್ಟು, ಹೆಚ್ಚುವರಿ ಫೀಡರ್‌ಗಳು ಮತ್ತು ಬದಲಿ ಟ್ರಾಲಿಗಳನ್ನು ಕೊಂಡು, ಒಂದು ಕೆಲಸ ಓಡುತ್ತಿರುವಾಗಲೇ ಮುಂದಿನ ಕೆಲಸದ ರೀಲುಗಳನ್ನು ಹೊರಗೆ ಸಿದ್ಧಪಡಿಸಿ, ಬದಲಾವಣೆಯನ್ನು 25 ನಿಮಿಷಕ್ಕೆ ಇಳಿಸಿದರೆ ಒಟ್ಟು 5 ಗಂಟೆ 40 ನಿಮಿಷ. ಉಳಿದ ಸಮಯದಲ್ಲಿ ಐದನೆಯ ಕೆಲಸವನ್ನೂ ಒಪ್ಪಿಕೊಳ್ಳಬಹುದು. ಸಣ್ಣ ಬ್ಯಾಚಿನ ಘಟಕ ಮೊದಲು ಕೊಳ್ಳಬೇಕಾದುದು ಫೀಡರ್. ವೇಗ ಆಮೇಲಿನ ಮಾತು.

ಎಲ್ಲ ಕೆಲಸಗಳಲ್ಲೂ ಬಳಕೆಯಾಗುವ ಸಾಮಾನ್ಯ ಮೌಲ್ಯದ ರೆಸಿಸ್ಟರ್, ಕೆಪಾಸಿಟರ್‌ಗಳನ್ನು ಯಂತ್ರದಲ್ಲಿ ಖಾಯಂ ಆಗಿ ಇರಿಸುವ ಪದ್ಧತಿಯೂ ಬದಲಾವಣೆಯ ಸಮಯವನ್ನು ಕಡಿಮೆ ಮಾಡುತ್ತದೆ.

ಫೀಡರ್‌ಗಳು ಮತ್ತು ಸಾಮಗ್ರಿ

ಅನೇಕ ದರಪಟ್ಟಿಗಳಲ್ಲಿ ಯಂತ್ರದ ಬೆಲೆ ಆಕರ್ಷಕವಾಗಿರುತ್ತದೆ. ಫೀಡರ್‌ಗಳ ಬೆಲೆ ಕೊನೆಯ ಪುಟದಲ್ಲಿರುತ್ತದೆ. ಫೀಡರ್ ಸ್ಥಾನಗಳನ್ನು 8 ಮಿ.ಮೀ. ಟೇಪಿನ ಲೆಕ್ಕದಲ್ಲಿ ಎಣಿಸುವುದು ರೂಢಿ. ಅಗಲವಾದ ಟೇಪಿನ ಬಿಡಿಭಾಗ ಎರಡು ಮೂರು ಸ್ಥಾನಗಳನ್ನು ನುಂಗುತ್ತದೆ. ಆದುದರಿಂದ 80 ಸ್ಥಾನಗಳ ಯಂತ್ರಕ್ಕೆ 80 ಬಗೆಯ ಬಿಡಿಭಾಗ ಹಿಡಿಸುತ್ತದೆಂದು ಭಾವಿಸಬಾರದು. ಟ್ರೇಗಳಲ್ಲಿ ಬರುವ ಐಸಿಗಳಿಗೆ ಪ್ರತ್ಯೇಕ ವ್ಯವಸ್ಥೆ ಬೇಕು.

ಸಣ್ಣ ಬ್ಯಾಚಿಗೆ ಪೂರ್ಣ ರೀಲು ಕೊಳ್ಳುವುದು ದುಬಾರಿಯೆಂದು ಎಸ್.ಪಿ. ರಸ್ತೆಯಿಂದ ಕತ್ತರಿಸಿದ ಟೇಪಿನ ತುಣುಕುಗಳನ್ನು ತರುವುದುಂಟು. ಅವುಗಳ ಮುಂಭಾಗದಲ್ಲಿ ಫೀಡರ್ ಹಿಡಿದೆಳೆಯುವಷ್ಟು ಖಾಲಿ ಟೇಪ್ ಇರುವುದಿಲ್ಲ. ಅದನ್ನು ಅಂಟಿಸಿ ಸೇರಿಸುವ ಕೆಲಸಕ್ಕೆ ಒಬ್ಬ ಕೆಲಸಗಾರನ ಸಮಯ ಹೋಗುತ್ತದೆ. ಮೊದಲ ಕೆಲವು ಬಿಡಿಭಾಗಗಳು ವ್ಯರ್ಥವಾಗುತ್ತವೆ. ದರ ಕೊಡುವಾಗ ಇದನ್ನು ಸೇರಿಸದಿದ್ದರೆ ಲಾಭ ಅಲ್ಲೇ ಸೋರಿಹೋಗುತ್ತದೆ.

ಎತ್ತುವಲ್ಲಿನ ವೈಫಲ್ಯವೂ ಲೆಕ್ಕಕ್ಕೆ ಬರಬೇಕು. ಸಾವಿರಕ್ಕೆ ಒಂದರಂತೆ ಬಿಡಿಭಾಗ ಜಾರಿದರೂ 240 ಬಿಡಿಭಾಗಗಳ ಬೋರ್ಡಿನಲ್ಲಿ ನಾಲ್ಕು ಬೋರ್ಡಿಗೆ ಸುಮಾರು ಒಮ್ಮೆ ಯಂತ್ರ ಮರಳಿ ಪ್ರಯತ್ನಿಸಬೇಕಾಗುತ್ತದೆ. ಸವೆದ ಫೀಡರ್, ಕೊಳೆಯಾದ ನಾಝಲ್ ಇವೇ ಸಾಮಾನ್ಯ ಕಾರಣಗಳು. ವಾರಕ್ಕೊಮ್ಮೆ ನಾಝಲ್ ಶುಚಿಗೊಳಿಸುವ ಶಿಸ್ತು ಹೊಸ ಯಂತ್ರದಷ್ಟೇ ಬೆಲೆಬಾಳುತ್ತದೆ.

ಹಳೆಯ ಯಂತ್ರ ಕೊಳ್ಳುವವರಿಗೆ

ಬಂಡವಾಳ ಕಡಿಮೆಯಿರುವವರು ಬಳಸಿದ ಯಂತ್ರದತ್ತ ನೋಡುವುದು ಸಹಜ. ಹಾಸಿಗೆ ಇದ್ದಷ್ಟು ಕಾಲು ಚಾಚುವುದರಲ್ಲಿ ತಪ್ಪಿಲ್ಲ. ಆದರೆ ಈ ಉದ್ಯಮದಲ್ಲಿ ತಯಾರಕರು ಕೈ ಬದಲಾಯಿಸಿದ್ದಾರೆ ಎಂಬುದನ್ನು ಗಮನಿಸಬೇಕು. ಸೀಮೆನ್ಸ್‌ನ ಸಿಪ್ಲೇಸ್ ವಿಭಾಗ 2011ರಲ್ಲಿ ಎಎಸ್‌ಎಂ ಸಮೂಹಕ್ಕೆ ಸೇರಿತು. ಸೋನಿಯ ಯಂತ್ರ ವಿಭಾಗ 2014ರಲ್ಲಿ ಜೂಕಿಯೊಡನೆ ಒಂದಾಯಿತು. ಸ್ಯಾಮ್‌ಸಂಗ್ ಟೆಕ್‌ವಿನ್ 2015ರಲ್ಲಿ ಹಾನ್‌ವಾ ಸಮೂಹದ ಕೈಸೇರಿತು. ಹಳೆಯ ಹೆಸರಿನ ಯಂತ್ರಕ್ಕೆ ಇಂದು ಬಿಡಿಭಾಗ, ಫೀಡರ್ ಮತ್ತು ತಂತ್ರಾಂಶ ಯಾರು ಒದಗಿಸುತ್ತಾರೆ, ಅವರ ಸೇವಾ ಎಂಜಿನಿಯರ್ ಬೆಂಗಳೂರಿನಲ್ಲೇ ಇರುವರೇ ಎಂಬುದನ್ನು ಖಚಿತಪಡಿಸಿಕೊಂಡ ನಂತರವೇ ಮುಂಗಡ ಕೊಡತಕ್ಕದ್ದು.

ಹಳೆಯ ಯಂತ್ರವನ್ನು ವಿದೇಶದಿಂದ ತರಿಸುವಾಗ ಮೌಲ್ಯ ನಿರ್ಣಯಕ್ಕಾಗಿ ಚಾರ್ಟರ್ಡ್ ಎಂಜಿನಿಯರ್ ಪ್ರಮಾಣಪತ್ರ ಬೇಕಾಗುತ್ತದೆ. ರಫ್ತು ಬದ್ಧತೆಯ ಮೇಲೆ ಸುಂಕ ವಿನಾಯಿತಿ ನೀಡುವ ಇಪಿಸಿಜಿ ಯೋಜನೆಯಡಿ ಬಳಸಿದ ಯಂತ್ರಗಳಿಗೆ ಅವಕಾಶವಿಲ್ಲ. ಎರಡನ್ನೂ ಹೋಲಿಸುವಾಗ ಈ ವ್ಯತ್ಯಾಸವನ್ನು ಸೇರಿಸಬೇಕು.

ಕಟ್ಟಡ, ಗಾಳಿ ಮತ್ತು ವಿದ್ಯುತ್

ಪೀಣ್ಯದ ಅನೇಕ ಶೆಡ್‌ಗಳಲ್ಲಿ ಪಕ್ಕದಲ್ಲೇ ಪವರ್ ಪ್ರೆಸ್ ಓಡುತ್ತಿರುತ್ತದೆ. ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದಲ್ಲಿ ಕೆಲಸ ಮಾಡುವ ಯಂತ್ರಕ್ಕೆ ಆ ನೆಲದ ಕಂಪನ ಹಿತವಲ್ಲ. ಮೇಲಿನ ಮಹಡಿಯಲ್ಲಿ ಯಂತ್ರ ಇರಿಸುವುದಾದರೆ ಒಂದೂವರೆ ಎರಡು ಟನ್ ಭಾರವನ್ನು ನೆಲ ತಾಳುವುದೇ ಎಂದು ಕಟ್ಟಡದ ಎಂಜಿನಿಯರನ್ನು ಕೇಳಬೇಕು. ನಿರ್ವಾತ ಮತ್ತು ಫೀಡರ್‌ಗಳಿಗೆ ಒಣಗಿದ, ಎಣ್ಣೆಯಿಲ್ಲದ ಸಂಕುಚಿತ ಗಾಳಿ ಬೇಕು. ಮಾಮೂಲಿ ಕಂಪ್ರೆಸರ್‌ಗೆ ಡ್ರೈಯರ್ ಜೋಡಿಸದೆ ಕೆಲಸ ಆರಂಭಿಸಬಾರದು.

ಫೆಬ್ರುವರಿ, ಮಾರ್ಚ್ ತಿಂಗಳ ಮಧ್ಯಾಹ್ನಗಳಲ್ಲಿ ಬೆಂಗಳೂರಿನ ಗಾಳಿ ಬಹಳ ಒಣಗಿರುತ್ತದೆ. ಆಗ ಸ್ಥಿರ ವಿದ್ಯುತ್ತಿನಿಂದ ಐಸಿಗಳು ಕೆಡುವ ಅಪಾಯ ಹೆಚ್ಚು. ಮಳೆಗಾಲದಲ್ಲಿ ಇದಕ್ಕೆ ವಿರುದ್ಧ: ತೆರೆದಿಟ್ಟ ಐಸಿಗಳು ತೇವ ಹೀರಿ ಓವನ್‌ನ ಬಿಸಿಗೆ ಒಳಗೇ ಬಿರಿಯುತ್ತವೆ. ಕೊಠಡಿಯ ಆರ್ದ್ರತೆಯನ್ನು ಶೇ. 40ರಿಂದ 60ರ ನಡುವೆ ಇರಿಸುವುದು, ತೇವಸೂಕ್ಷ್ಮ ಬಿಡಿಭಾಗಗಳನ್ನು ಒಣ ಪೆಟ್ಟಿಗೆಯಲ್ಲಿಡುವುದು ಎರಡೂ ಋತುಗಳಿಗೆ ಪರಿಹಾರ. ವಿದ್ಯುತ್ ಕೈಕೊಟ್ಟಾಗ ಓವನ್‌ನೊಳಗೆ ಸಿಕ್ಕಿಬಿದ್ದ ಬೋರ್ಡುಗಳು ಸುಟ್ಟುಹೋಗದಂತೆ ಕನಿಷ್ಠ ಕನ್ವೇಯರ್‌ಗಾದರೂ ಯುಪಿಎಸ್ ಇರಲೇಬೇಕು.

ಸಾಲದ ಲೆಕ್ಕ

ಒಂದು ಕೋಟಿ ರೂ. ಸಾಲವನ್ನು ಶೇ. 10.5 ಬಡ್ಡಿಯಲ್ಲಿ ಐದು ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 2.15 ಲಕ್ಷ ರೂ. ತಿಂಗಳಿಗೆ 25 ದಿನ, ದಿನಕ್ಕೆ 7 ಗಂಟೆ ಲೈನ್ ಓಡಿದರೆ ಗಂಟೆಗೆ 1,228 ರೂ. ಕಂತಿನ ಹೊರೆ. ಗಂಟೆಗೆ 100 ಬೋರ್ಡಿನಂತೆ ಬೋರ್ಡಿಗೆ ಸುಮಾರು 12 ರೂ. 28 ಪೈಸೆ. ಅದೇ ಲೈನ್ ದಿನಕ್ಕೆ 3 ಗಂಟೆ ಮಾತ್ರ ಓಡಿದರೆ ಬೋರ್ಡಿಗೆ 28 ರೂ. ಮೀರುತ್ತದೆ. ಯಂತ್ರದ ವೇಗಕ್ಕಿಂತ ಅದು ಓಡುವ ಗಂಟೆಗಳು ಲಾಭವನ್ನು ಹೆಚ್ಚು ನಿರ್ಧರಿಸುತ್ತವೆ ಎಂಬುದು ಇದರಿಂದ ಸ್ಪಷ್ಟ.

ಸಣ್ಣ ಮತ್ತು ಅತಿಸಣ್ಣ ಉದ್ಯಮಗಳಿಗೆ ಆಸ್ತಿ ಅಡಮಾನವಿಲ್ಲದ ಸಾಲದ ಖಾತರಿ ನೀಡುವ ಸಿಜಿಟಿಎಂಎಸ್‌ಇ ಯೋಜನೆಯ ಮಿತಿಯನ್ನು 2025ರ ಏಪ್ರಿಲ್‌ನಿಂದ 5 ಕೋಟಿಯಿಂದ 10 ಕೋಟಿ ರೂ.ಗೆ ಏರಿಸಲಾಗಿದೆ. ಅದೇ ತಿಂಗಳು ಕೇಂದ್ರ ಸರ್ಕಾರ ಪ್ರಕಟಿಸಿದ 22,919 ಕೋಟಿ ರೂ.ಗಳ ಎಲೆಕ್ಟ್ರಾನಿಕ್ ಬಿಡಿಭಾಗ ತಯಾರಿಕಾ ಯೋಜನೆ ಬಿಡಿಭಾಗ ಮತ್ತು ಉಪಜೋಡಣೆಗಳ ತಯಾರಿಕೆಯನ್ನು ಉದ್ದೇಶಿಸಿದ್ದು. ಬೋರ್ಡ್ ಜೋಡಣೆಯ ಜಾಬ್‌ವರ್ಕಿಗೂ ಅದು ಸಲ್ಲುತ್ತದೆಂದು ಎಣಿಸಿ ಹೂಡಿಕೆಯ ಲೆಕ್ಕ ಹಾಕುವುದು ಸಲ್ಲದು.

ಕೊಳ್ಳುವ ಮುನ್ನ

ಗಡಿಯಾರ ಹಿಡಿದು ಈಗಿರುವ ಲೈನ್‌ನ ಪ್ರತಿ ಘಟ್ಟದ ಆವರ್ತ ಸಮಯವನ್ನು, ಹಾಗೆಯೇ ಒಂದು ತಿಂಗಳ ಬದಲಾವಣೆಯ ಸಮಯವನ್ನು ಬರೆದಿಡುವುದು ಮೊದಲ ಹೆಜ್ಜೆ. ಎರಡನೆಯದು, ಕೆಲಸದ ಹಂಚಿಕೆಯಿಂದ, ಪ್ಯಾನಲ್‌ನಿಂದ, ಫೀಡರ್ ಟ್ರಾಲಿಗಳಿಂದ ಎಷ್ಟು ಗಳಿಸಬಹುದೆಂದು ನೋಡುವುದು. ಇಷ್ಟಾದ ಮೇಲೂ ಬೇಡಿಕೆ ಪೂರೈಸದಿದ್ದರೆ ಮಾತ್ರ ಯಂತ್ರದ ದರಪಟ್ಟಿ ತರಿಸುವುದು ಮೂರನೆಯ ಹೆಜ್ಜೆ. ಒಪ್ಪಂದದಲ್ಲಿ ಘಟಕದ ಸ್ವಂತ ಬೋರ್ಡಿನ ಮೇಲೆ ಒಪ್ಪಿದ ಆವರ್ತ ಸಮಯ ಸಾಬೀತಾಗುವವರೆಗೆ ಬೆಲೆಯ ಒಂದು ಭಾಗವನ್ನು ತಡೆಹಿಡಿಯುವ ಷರತ್ತು ಇರಬೇಕು. ಬೆಂಗಳೂರು ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ ನಡೆಯುವ ಪ್ರೊಡಕ್ಟ್ರಾನಿಕಾದಂತಹ ಪ್ರದರ್ಶನಗಳಿಗೆ ಹೋಗುವವರು ಕ್ಯಾಟಲಾಗುಗಳನ್ನು ತರುವುದಕ್ಕೆ ಮುಂಚೆ ತಮ್ಮ ಬೋರ್ಡಿನ ಕಡತವನ್ನು ಜೇಬಿನಲ್ಲಿ ಒಯ್ದರೆ, ಮಾರಾಟಗಾರನ ಮಾತಿಗಿಂತ ತಮ್ಮದೇ ಲೆಕ್ಕ ಅವರಿಗೆ ದಾರಿ ತೋರುತ್ತದೆ.